ಒಂದು ಕೊಂಬೆಯ ಆಚೆ

ಶಿವುವಿಗೆ ಮೂವತ್ತಾರು ವರ್ಷ ತುಂಬಿತ್ತು. ಆದರೂ ಮುದ್ದೆಗೆ ಸಾರು ಸಾಲದೆ ಹೋದರೆ ಬೇಕು ಅಂತ ಕೇಳಿದವನಲ್ಲ. ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಅಷ್ಟರಲ್ಲಿ ಅವನ ಅವ್ವ ನಾಗರತ್ನಮ್ಮ ಸೌಟು ಹಿಡಿದು ಬಂದಿರುತ್ತಿದ್ದಳು.

ಮಗ್ಗೆಯಿಂದ ಎರಡು ಮೈಲಿ ಒಳಕ್ಕೆ, ರಸ್ತೆ ತಿರುವಿನಲ್ಲಿ ಅವರ ಮನೆ. ಎರಡು ಎಕರೆ ಕಾಫಿ, ಮಿಕ್ಕ ಜಾಗದಲ್ಲಿ ಜೋಳ, ಶುಂಠಿ. ಶಿವುವನ್ನು ಮೈಗಳ್ಳ ಅಂತ ಯಾರೂ ಅನ್ನುವಂತಿರಲಿಲ್ಲ. ತೋಟಕ್ಕೆ ಇಳಿದರೆ ಸಂಜೆ ತನಕ ಬಗ್ಗಿಸಿದ ಬೆನ್ನು ಎತ್ತುತ್ತಿರಲಿಲ್ಲ. ಆದರೆ ಇವತ್ತು ಚಿಗುರು ತೆಗೆಯೋದೋ ಗೊಬ್ಬರ ಹಾಕೋದೋ ಅನ್ನೋದನ್ನ ಅವ್ವ ಹೇಳಬೇಕು. ಮದುವೆ ಮನೆಗೆ ಯಾವ ಅಂಗಿ ಅಂತ ಅವ್ವ ಹೇಳಬೇಕು. ಏಳು ವರ್ಷದವನಿದ್ದಾಗ ಕಾಮಾಲೆ ಬಂದು, ಇನ್ನೇನು ಕೈಬಿಟ್ಟ ಅನ್ನುವಾಗ ಉಳಿದುಕೊಂಡ ಮಗ ಅವನು. ಅವತ್ತು ಅವನ ಬೆನ್ನಿಗೆ ನಿಂತ ನಾಗರತ್ನಮ್ಮ ಆಮೇಲೆ ಹಿಂದೆ ಸರಿಯಲೇ ಇಲ್ಲ. ಅವನಿಗೆ ಮದುವೆಯಾಗಿ, ಮಗಳು ಸ್ನೇಹಾಳಿಗೆ ಹನ್ನೊಂದು ವರ್ಷವಾದ ಮೇಲೂ ಅವನ ಸ್ನಾನದ ನೀರಿಗೆ ಕೈ ಅದ್ದಿ ಹದ ನೋಡುತ್ತಿದ್ದವಳು ಅವಳೇ. ಹೆಂಡತಿ ಗಂಗಾಮಣಿ ಬಚ್ಚಲ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು.

ಸಂಕ್ರಾಂತಿ ಕಳೆದ ವಾರ ಗಂಗಾಮಣಿಗೆ ಹೊಟ್ಟೆನೋವು ಬಂತು. ನಾಗರತ್ನಮ್ಮ ಆಲೂರು ಸಂತೆಗೆ ಹೋಗಿದ್ದಳು, ಅವಳ ಗಂಡ ರುದ್ರಯ್ಯ ಜೊತೆಗಿದ್ದ. ಗಂಗಾಮಣಿ ನಡುಮನೆಯಲ್ಲಿ ಮಂಡಿ ಮಡಚಿಕೊಂಡು ಹೊರಳುತ್ತಿದ್ದರೆ ಶಿವು ಒಳಗೂ ಹೊರಗೂ ಓಡಾಡಿದ. "ಅವ್ವ ಬರ್ಲಿ ತಡಿ, ಅವ್ವ ಬರ್ಲಿ" ಅಂದ. ಎರಡು ಗಂಟೆ ಹಾಗೇ ಕಳೆಯಿತು. ಕೊನೆಗೆ ಅವಳೇ ಗೋಡೆ ಹಿಡಿದು ರಸ್ತೆಗೆ ಬಂದು, ಯಾರದೋ ಆಟೋ ನಿಲ್ಲಿಸಿ ಆಸ್ಪತ್ರೆಗೆ ಹೋದಳು. ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಗಿ ಎಂಟು ದಿನಕ್ಕೆ ಬಿಟ್ಟರು. ಆಸ್ಪತ್ರೆಯಿಂದ ಅವಳು ಮನೆಗೆ ಬರಲಿಲ್ಲ. ಆನೇಮಹಲ್‌ನಲ್ಲಿ ದೊಡ್ಡಮ್ಮನ ಮಗಳೊಬ್ಬಳಿದ್ದಳು, ಅಲ್ಲಿಗೆ ಹೋದಳು. ತಿಂಗಳೊಳಗೆ ಹೈವೇ ಪಕ್ಕ ಎರಡು ಕೋಣೆ ಹಿಡಿದು, ಹೊಲಿಗೆ ಮೆಷಿನ್ ಸಾಗಿಸಿಕೊಂಡು, ಸ್ನೇಹಾಳನ್ನೂ ಕರೆಸಿಕೊಂಡು ಬ್ಲೌಸ್ ಹೊಲಿಯತೊಡಗಿದಳು.

"ಹೆದರ್ಕಂಡ, ಪಾಪ. ಅಷ್ಟಕ್ಕೇ ಗಂಡನ್ನ ಬಿಟ್ಟು ಹೋಗೋದಾ?" ಅಂತ ಎದುರುಮನೆ ಪಾರ್ವತಮ್ಮ ಅಂದಳು. ನಾಗರತ್ನಮ್ಮನೂ ಊರೆಲ್ಲ ಅದನ್ನೇ ಹೇಳಿಕೊಂಡು ಬಂದಳು. ಆದರೆ ಮಗನ ತಟ್ಟೆ ಮತ್ತೆ ಪೂರ್ತಿ ತನ್ನ ಕೈಗೆ ಬಂದದ್ದಕ್ಕೆ ಒಳಗೊಳಗೇ ಅವಳಿಗೆ ಹಿತವಾಗಿತ್ತು. ಅವನಿಗೆ ಇಷ್ಟ ಅಂತ ವಾರಕ್ಕೆ ಮೂರು ಸಲ ಕಡುಬು ಬೇಯಿಸಿದಳು.

ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಸ್ನೇಹಾ ಬಂದಳು. ಬಂದ ನಾಲ್ಕನೇ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಪಿಸುಗುಟ್ಟಿದಳು.

"ಅಜ್ಜಿ, ಬಾ ಇಲ್ಲಿ. ಸದ್ದು ಮಾಡ್ಬೇಡ."

ಕಲ್ಲಿನ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತ್ತು. ಎದೆಯೆತ್ತರದಲ್ಲಿ, ಎಲೆಗಳ ಸಂದಿಯಲ್ಲಿ, ಅಂಗೈಯಷ್ಟಗಲದ ಗೂಡು. ಒಳಗೆ ಕೆಂಪು ಚುಕ್ಕಿಯ ಎರಡು ಮೊಟ್ಟೆ.

"ಜುಟ್ಟಿನ ಹಕ್ಕೀದು ಕಣೆ. ಮುಟ್ಬೇಡ."

"ಪಿಕಳಾರ ಅಂತಾರಜ್ಜಿ. ನಮ್ ಮಿಸ್ ಹೇಳ್ಕೊಟ್ಟವ್ರೆ."

ಅಲ್ಲಿಂದ ಅಜ್ಜಿ ಮೊಮ್ಮಗಳಿಗೆ ದಿನವೂ ಅದೇ ಕೆಲಸವಾಯಿತು. ನಾಗರತ್ನಮ್ಮ ಒಗೆಯುವ ಬಟ್ಟೆಯನ್ನು ಕಲ್ಲಿಗೆ ಬಡಿಯದೆ ಕೈಯಲ್ಲೇ ಉಜ್ಜಿದಳು. ಹತ್ತು ದಿನ ಕಳೆದು ಮೊಟ್ಟೆ ಒಡೆದವು. ಮೈಮೇಲೆ ಒಂದು ತುಪ್ಪುಳವೂ ಇಲ್ಲದ ಎರಡು ಮರಿ, ಮೈಗಿಂತ ಬಾಯಿಯೇ ದೊಡ್ಡದು. ಗಂಡು ಹೆಣ್ಣು ಎರಡೂ ಬಿಡುವಿಲ್ಲದೆ ಹುಳು ತಂದು ಆ ಬಾಯಿಗಳಿಗೆ ತುರುಕುತ್ತಿದ್ದವು.

"ನೋಡು, ಒಂದ್ ಗಳಿಗೆ ಕೂರಲ್ಲ. ತಾಯಿ ಅಂದ್ರೆ ಹಂಗೇ ಕಣೆ" ಅಂದಳು ನಾಗರತ್ನಮ್ಮ.

ತೋಟದಿಂದ ಬಂದ ಶಿವು ಕೈಕಾಲು ತೊಳೆಯಲು ಅಲ್ಲಿಗೆ ಬಂದ. ಸ್ನೇಹಾ ಗೂಡಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಅಪ್ಪ, ನೀನು ಆನೇಮಹಲ್‌ಗೆ ಯಾವಾಗ ಬರ್ತೀಯ?"

ಶಿವು ಚೊಂಬು ಕೆಳಗಿಟ್ಟ. "ಅಜ್ಜೀನ ಕೇಳು" ಅಂದ.

ಅದನ್ನು ಅವನು ಕೊಂಕಿಗೆ ಹೇಳಲಿಲ್ಲ. ಟವಲ್ ಎಲ್ಲಿ ಅಂತ ಕೇಳಿದರೆ ಹೇಳುವ ಹಾಗೆಯೇ ಹೇಳಿ ಮುಖ ಒರೆಸಿಕೊಂಡು ಹೋದ. ನಾಗರತ್ನಮ್ಮ ಹಿಂಡುತ್ತಿದ್ದ ಸೀರೆಯನ್ನು ಮತ್ತೆ ಮತ್ತೆ ಹಿಂಡಿದಳು.

ಸಂಜೆ ಸ್ನೇಹಾಳ ಜಡೆ ಬಾಚುವಾಗ ಮೆಲ್ಲಗೆ ವಿಚಾರಿಸಿದಳು. "ನಿಮ್ಮಮ್ಮ ಏನಂತಾಳೆ? ನಿಮ್ಮಪ್ಪ ಬಂದ್ರೆ ಸೇರಿಸ್ತಾಳೋ ಇಲ್ವೋ?"

"ಅಪ್ಪ ತಾನಾಗೇ ಬಂದ್ರೆ ಬೇಡ ಅನ್ನಲ್ವಂತೆ. ನೀನು ಕರ್ಕೊಂಡ್ ಬಂದು ಬಿಟ್ರೆ ಬೇಡ್ವಂತೆ."

"ಹಂಗಂದ್ಲಾ?"

"ಹೂಂ. ಸ್ಕೂಲ್ ಶುರು ಆಗೋಗಂಟ ದಾರಿ ನೋಡ್ತಾಳಂತೆ. ಆಮೇಲೆ ನೋಡಲ್ವಂತೆ. ಅಜ್ಜಿ, ಎಳೀಬೇಡ, ನೋಯ್ತದೆ."

ಮೇ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಮರಿಗಳ ಕೂಗು ಜಾಸ್ತಿಯಾಗಿತ್ತು. ನಾಗರತ್ನಮ್ಮ ಹೋಗಿ ನೋಡಿದರೆ ತಾಯಿಹಕ್ಕಿ ಕೊಕ್ಕಿನಲ್ಲಿ ಹಸಿರು ಹುಳು ಹಿಡಿದು ಕೂತಿದೆ. ಕೂತದ್ದು ಗೂಡಿನ ಮೇಲಲ್ಲ, ಆಚೆ ಕಾಫಿ ಗಿಡದ ಕೊಂಬೆಯ ಮೇಲೆ. ಮರಿಗಳು ಕತ್ತು ಚಾಚಿ ಒದರುತ್ತಿದ್ದವು. ತಾಯಿ ಅಲುಗಲಿಲ್ಲ. ಹುಳು ಕಚ್ಚಿಕೊಂಡೇ ಗಂಟಲಲ್ಲಿ ಏನೋ ಸದ್ದು ಮಾಡುತ್ತಿತ್ತು. ಗಂಡು ಹಕ್ಕಿಯೂ ಬಂತು. ಅದೂ ಅಲ್ಲೇ ಕೂತಿತು.

"ಅಯ್ಯೋ, ಇದೇನ್ ಬಂತು ಇವಕ್ಕೆ? ಹಸಿದ್ ಮಕ್ಕಳು ಬಾಯ್ ಬಿಡ್ತಾ ಅವೆ, ಒಂದ್ ಮಾರು ಹತ್ರ ಬಂದ್ ಕೊಡೋಕೇನು ದಾಡಿ?"

"ಹಾರ್ಸೋಕೆ ಅಜ್ಜಿ. ಬೇಕಾದ್ರೆ ಬಂದು ತಗೊ ಅಂತ."

"ಬಿದ್ ಸತ್ತೋದ್ರೆ?"

ಸ್ನೇಹಾ ಭುಜ ಕುಣಿಸಿದಳು.

ಮಧ್ಯಾಹ್ನ ಒಂದು ಮರಿ ಗೂಡಿನ ಅಂಚಿಗೆ ಬಂದು, ಓಲಾಡಿ, ಬಿದ್ದಂತೆಯೇ ಹಾರಿ ಕಾಫಿ ಗಿಡ ಸೇರಿತು. ಇನ್ನೊಂದು ಕದಲಲಿಲ್ಲ. ಇಡೀ ಸಂಜೆ ಕೂಗಿತು. ನಾಗರತ್ನಮ್ಮನಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಮುಖ ತೊಳೆಯದೆ ಓಡಿ ಹೋದಳು. ತಾಯಿ ಅದೇ ಕೊಂಬೆಯ ಮೇಲೆ, ಕೊಕ್ಕಿನಲ್ಲಿ ಇನ್ನೊಂದು ಹುಳು. ಬರುತ್ತದೆ, ತೋರಿಸುತ್ತದೆ, ಹಾರಿ ಹಿಂದಕ್ಕೆ ಹೋಗುತ್ತದೆ. ಹತ್ತು ಗಂಟೆಗೆ ಆ ಮರಿಯೂ ಹೋಯಿತು. ಬಗ್ಗಿ ನೋಡಿದರೆ ಗೂಡಿನಲ್ಲಿ ಹಿಕ್ಕೆ ಮೆತ್ತಿಕೊಂಡಿತ್ತು, ಅಷ್ಟೆ. ಕಾಫಿ ಗಿಡಗಳ ನಡುವೆ ಎರಡೂ ಮರಿಗಳಿಗೆ ತಾಯಿ ತಂದೆ ತಿನ್ನಿಸುತ್ತಿದ್ದದ್ದನ್ನು ಸ್ನೇಹಾ ಬಗ್ಗಿ ಬಗ್ಗಿ ನೋಡುತ್ತಿದ್ದಳು. ನಾಗರತ್ನಮ್ಮ ಆ ಕಡೆ ತಿರುಗಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ಒಳಗೆ ಬಂದಳು.

ಮೊದಲು ಬಾಯಲ್ಲೇ ಹೇಳಿ ನೋಡಿದಳು.

"ಶಿವು, ನಾಳೆ ಆನೇಮಹಲ್‌ಗೆ ಹೋಗು. ಹೆಂಡ್ತಿ ಜೊತೆ ಇರು. ವಾರಕ್ಕೆರಡು ದಿನ ಬಂದು ತೋಟ ನೋಡ್ಕೊ, ಸಾಕು."

"ಆಯ್ತವ್ವ."

ಬೆಳಿಗ್ಗೆ ಹಲ್ಲುಜ್ಜಿ ಬಂದವನು, "ಎಷ್ಟೊತ್ತಿಗೆ ಹೊರಡಾಣ?" ಅಂದ.

"ಹೊರಡಾಣ ಅಲ್ಲ ಕಣೋ. ನೀನು ಹೊರಡು."

"ನೀನ್ ಬರಲ್ವಾ? ಹಂಗಾರೆ ಇನ್ನೊಂದ್ ದಿನ ಹೋದ್ರಾಯ್ತು." ಕತ್ತಿ ತಗೊಂಡು ತೋಟಕ್ಕೆ ನಡೆದ.

ಅವತ್ತು ಬಚ್ಚಲ ಒಲೆಗೆ ಬೆಂಕಿ ಬೀಳಲಿಲ್ಲ. ಮಧ್ಯಾಹ್ನ ನಾಗರತ್ನಮ್ಮ ಗಂಡನಿಗೆ, ಮೊಮ್ಮಗಳಿಗೆ ಮುದ್ದೆ ಇಕ್ಕಿ, ಅವರೆಕಾಳು ಸಾರು ಬಿಟ್ಟು, ತಾನೂ ಬಡಿಸಿಕೊಂಡು ಕೂತಳು. ಶಿವು ತಟ್ಟೆ ಎಳೆದುಕೊಂಡು ಕೂತಿದ್ದ. ಅವನ ತಟ್ಟೆ ಹಾಗೇ ಇತ್ತು.

"ಅವ್ನಿಗೆ?" ಅಂದ ರುದ್ರಯ್ಯ.

"ಅವನ ಊಟ ಆನೇಮಹಲ್‌ನಲ್ಲೈತೆ. ಹೋಗಿ ಉಣ್ಲಿ."

ಶಿವು ನಕ್ಕ. ಅವ್ವ ತಮಾಷೆ ಮಾಡ್ತಾ ಅವ್ಳೆ ಅಂದುಕೊಂಡ. ಅವಳು ಕೈ ತೊಳೆದು, ಪಾತ್ರೆ ಎತ್ತಿ, ಅಡುಗೆಮನೆಗೆ ಬೀಗ ಹಾಕಿದಾಗ ಅವನ ನಗು ಹೋಯಿತು. ಆದರೂ ಸ್ವಲ್ಪ ಹೊತ್ತು ಕೂತೇ ಇದ್ದ.

ರಾತ್ರಿಯೂ ಅದೇ ಆಯಿತು. ರುದ್ರಯ್ಯ ತಡೆಯಲಾರದೆ ಕೂಗಾಡಿದ. "ಏನೇ ನಿನ್ನ ಕತೆ? ಮಗನಿಗೆ ಅನ್ನ ಇಕ್ಕದ ತಾಯೀನ ಎಲ್ಲಾರ ಕಂಡಿದೀಯಾ?"

"ಕಂಡಿದೀನಿ. ಬಟ್ಟೆ ಕಲ್ಲಿನ್ ಹತ್ರ."

"ಅದು ಹಕ್ಕಿ ಕಣೇ!"

"ಅದಕ್ಕಿರೋ ಬುದ್ಧಿ ನಂಗಿರ್ಲಿಲ್ಲ ಕಣ್ರೀ. ಈಗ ಬಂದೈತೆ, ಕೆಡಿಸ್ಬೇಡಿ."

ಮರುದಿನ ರುದ್ರಯ್ಯ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಪಂಚೆಯ ಮರೆಯಲ್ಲಿ ಕೊಟ್ಟಿಗೆಗೆ ಒಯ್ದದ್ದು ಅವಳ ಕಣ್ಣಿಗೆ ಬಿತ್ತು. ಗಂಡ ಹೆಂಡಿರ ಜಗಳ ರಸ್ತೆಗೆ ಕೇಳಿಸಿತು. ಪಾರ್ವತಮ್ಮ ಎರಡು ರೊಟ್ಟಿ ಕೊಡಲು ಬಂದಳು, ನಾಗರತ್ನಮ್ಮ ಅವಳನ್ನು ಗೇಟಿನಿಂದಲೇ ತಿರುಗಿಸಿ ಕಳಿಸಿದಳು. ಒಳಗೆ ಬಂದು ಸೌದೆ ಸೀಳುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡಳು. ಆಗಲೂ ಅವಳ ಲೆಕ್ಕ ಒಂದೇ, ಎರಡನೇ ಮರಿ ಎರಡು ದಿನ ತಗೊಂಡಿತ್ತು, ಇವನು ಮೂರು ತಗೊಳ್ಳಲಿ.

ಮೂರನೇ ದಿನ ಮಧ್ಯಾಹ್ನ ಶಿವು ತಟ್ಟೆ ತಳ್ಳಿದ. ಅದು ಗೋಡೆಗೆ ಹೊಡೆದು ಸುತ್ತಿ ಬಿತ್ತು. ಹುಟ್ಟಿದ ಲಾಗಾಯ್ತು ಅವನು ಅವ್ವನ ಮುಂದೆ ದನಿ ಎತ್ತಿದ್ದು ಅವತ್ತೇ.

"ನಾನೇನ್ ಮಾಡ್ದೆ? ನೀನ್ ಹೇಳಿದ್ದೇ ಅಲ್ವಾ ಮಾಡಿದ್ದು? ಅವತ್ತು ಗಂಗಾಗೆ ನೋವು ಬಂದಾಗ ಸಂತೆಗೆ ಫೋನ್ ಮಾಡ್ದೆ. ನೀನೇನಂದೆ? 'ಗ್ಯಾಸ್ ಇರ್ಬೇಕು, ಓಂಕಾಳು ಕೊಡು, ನಾ ಬರೋಗಂಟ ಎಲ್ಲೂ ಹೋಗ್ಬೇಡ' ಅಂದೆ. ಅಂದ್ಯೋ ಇಲ್ವೋ?"

ರುದ್ರಯ್ಯ ಹೆಂಡತಿಯ ಮುಖ ನೋಡಿದ. ಸಂತೆಯಲ್ಲಿ ಫೋನ್ ಬಂದಾಗ ಅವನು ಸ್ವಲ್ಪ ದೂರದಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದ, ಮಾತು ಕಿವಿಗೆ ಬಿದ್ದಿರಲಿಲ್ಲ. ಮಗ ಹೆದರಿಕೊಂಡ ಅಂತ ನಾಲ್ಕು ತಿಂಗಳಿಂದ ಊರಿಗೆಲ್ಲ ಹೇಳಿದ್ದವಳು ಈಗ ಬಿದ್ದ ತಟ್ಟೆಯನ್ನು ಎತ್ತಿ ಗೋಡೆಗೆ ಒರಗಿಸಿದಳು. ಬಾಗಿಲಲ್ಲಿ ನಿಂತಿದ್ದ ಸ್ನೇಹಾ ಅಜ್ಜಿಯನ್ನೇ ನೋಡುತ್ತಿದ್ದಳು.

"ಅಂದೆ" ಅಂದಳು ಕೊನೆಗೆ. "ತಪ್ಪಾಯ್ತು. ಅದಕ್ಕೇ ಈಗ ಹೋಗು ಅಂತಿರೋದು."

"ಅವಾಗ ಹೋಗ್ಬೇಡ, ಇವಾಗ ಹೋಗು" ಅಂದ ಶಿವು. ಅವನ ಕಣ್ಣಲ್ಲಿ ನೀರು ತುಂಬಿತ್ತು.

ಮರುದಿನ ಬೆಳಗಾಗುವ ಮೊದಲು ಅವನು ಬಿಳಿ ಅಂಗಿ ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಹೊರಟ. ಹೇಳಲಿಲ್ಲ, ಕೇಳಲಿಲ್ಲ. ನಾಗರತ್ನಮ್ಮ ಅಡುಗೆಮನೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ರೊಟ್ಟಿ ಕಟ್ಟಿಕೊಡಲು ಕೈ ಹಿಟ್ಟಿನ ಡಬ್ಬಿಗೆ ಹೋಯಿತು. ತಡೆದುಕೊಂಡಳು. ಅವನು ತಿರುವು ದಾಟಿದ ಮೇಲೆ ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು. "ಹೋಗ್ಬುಟ್ಟ ಕಣ್ರೀ. ಅವನಾಗವ್ನೇ ಹೋಗ್ಬುಟ್ಟ."

ಎದ್ದ ಸ್ನೇಹಾ, "ನನ್ನ ಯಾಕೆ ಕರ್ಕೊಂಡ್ ಹೋಗ್ಲಿಲ್ಲ?" ಅಂತ ಕೇಳಿದಳು.

"ನಾಚ್ಕೆ ಕಣೆ ಅವ್ನಿಗೆ. ಮೊದ್ಲು ಒಬ್ನೇ ಹೋಗಿ ನಿಮ್ಮಮ್ಮನ ಹತ್ರ ಮಾತಾಡ್ಲಿ, ಬಿಡು."

ಗಂಡ ಹೆಂಡಿರ ನಡುವೆ ತಾನು ಹೋಗಬಾರದು ಅಂತ ಮೂರು ದಿನ ಅವಳು ಫೋನು ಮುಟ್ಟಲಿಲ್ಲ, ಸ್ನೇಹಾಳಿಗೂ ಮುಟ್ಟಗೊಡಲಿಲ್ಲ. ನಾಲ್ಕನೇ ದಿನ ಸ್ನೇಹಾಳನ್ನು ಬಿಟ್ಟು ಬರುವ ನೆಪ ಇತ್ತು. ಅಕ್ಕಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಶಿವುವಿನ ನಾಲ್ಕು ಅಂಗಿ ಚೀಲಕ್ಕೆ ತುಂಬಿ, ಸಕಲೇಶಪುರದಲ್ಲಿ ಬಸ್ಸು ಬದಲಿಸಿ ಆನೇಮಹಲ್‌ನಲ್ಲಿ ಇಳಿದಳು. ಲಾರಿಗಳ ಸದ್ದಿಗೆ ಕಿವಿ ತೂತಾಗುವಂತಿತ್ತು. ಗಂಗಾಮಣಿ ಬಾಗಿಲಿಗೆ ಎದುರಾಗಿ ಮೆಷಿನ್ ಹಾಕಿಕೊಂಡು ಕೂತಿದ್ದಳು. ಅತ್ತೆಯನ್ನು ನೋಡಿ ಎದ್ದು ಚೀಲ ಇಸಿದುಕೊಂಡಳು.

"ಬನ್ನಿ ಅತ್ತೆ. ಕೂತ್ಕಳಿ."

ನಾಗರತ್ನಮ್ಮನ ಕಣ್ಣು ಒಳಕೋಣೆಗೆ ಹೋಯಿತು. "ಶಿವು ಎಲ್ಲವ್ವ? ಕೆಲ್ಸಕ್ಕೆ ಹೋಗವ್ನಾ?"

"ಇಲ್ಲಿಗಾ? ಇಲ್ಲಿಗ್ಯಾಕೆ ಬರ್ತಾರೆ? ಊರಲ್ಲಿಲ್ವಾ?"

ಅವನು ಮನೆ ಬಿಟ್ಟು ನಾಲ್ಕು ದಿನವಾಯಿತು ಅಂತ ನಾಗರತ್ನಮ್ಮ ಹೇಳಿದಳು. ಬಾವಿ, ಕೆರೆ, ರೈಲುಹಳಿ ಎಲ್ಲ ಕಣ್ಣ ಮುಂದೆ ಬಂದವು. ಗಂಗಾಮಣಿಯೇ ಫೋನು ತೆಗೆದು ಒಂದೊಂದೇ ನೆಂಟರಿಗೆ ಮಾಡಿದಳು. ಮೂರನೆಯದು ಪಾಳ್ಯದ ಹತ್ತಿರ ಕೊಟ್ಟಿದ್ದ ನಾಗರತ್ನಮ್ಮನ ಹಿರಿಮಗಳು ವಸಂತಳಿಗೆ. ಸ್ಪೀಕರ್ ಹಾಕಿದ್ದಳು.

"ಇಲ್ಲೇ ಅವ್ನೆ" ಅಂದಳು ವಸಂತ. "ಅವ್ವ ಅಲ್ಲೇ ಅವ್ಳಾ? ಕೇಳಿಸ್ಕೊ ಅವ್ವ. ಮೂರ್ ದಿನ ಉಪವಾಸ ಕೆಡವಿ ಕಳಿಸಿದ್ಯಲ್ಲ, ನೀನೇನ್ ಹೆತ್ತವಳಾ? ಇಲ್ಲೇ ಇರ್ತಾನೆ. ನಮ್ಮನೇಲಿ ಒಂದ್ ತಟ್ಟೆ ಹೆಚ್ಚಲ್ಲ."

ಅವಳ ಹಿಂದಿನಿಂದ ಗಂಡಸಿನ ದನಿ ಕೇಳಿತು. "ಅಕ್ಕಾ, ನೀರು ಕಾಯ್ತಾ?"

ಗಂಗಾಮಣಿ ಫೋನು ಆಫ್ ಮಾಡಿ ಮೆಷಿನ್ ಮೇಲಿಟ್ಟಳು. ಸ್ನೇಹಾ ಎದ್ದು ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು.

"ಊಟ ಮಾಡಿ ಅತ್ತೆ" ಅಂತ ಗಂಗಾಮಣಿ ಚಿತ್ರಾನ್ನ ಹಾಕಿ ತಂದಳು. ನಾಗರತ್ನಮ್ಮ ತುತ್ತು ಎತ್ತಲಾರದೆ ತಟ್ಟೆ ನೋಡುತ್ತ ಕೂತಳು.

"ಹಕ್ಕಿ ಕತೆ ಸ್ನೇಹಾ ಫೋನಲ್ಲಿ ಹೇಳಿದ್ಲು" ಅಂದಳು ಗಂಗಾಮಣಿ. "ನೀವು ಊಟ ನಿಲ್ಸಿದ್ದೂ ಹೇಳಿದ್ಲು. ನಂಗೂ ಒಂದ್ ಗಳಿಗೆ ಆಸೆ ಆಯ್ತು, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ಅತ್ತೆ, ಅವು ಹನ್ನೆರಡು ದಿನದ ಮರಿ."

"ಇನ್ನೊಂದ್ ಸಲ ನೋಡ್ತೀನಿ ಕಣವ್ವ. ಪಾಳ್ಯಕ್ಕೆ ಹೋಯ್ತೀನಿ ನಾನು."

"ಹೋಗಿ. ಅವ್ರು ಬಂದ್ರೆ ನಾನೇನ್ ಬಾಗ್ಲು ಹಾಕಲ್ಲ. ಆದ್ರೆ ಇನ್ಮೇಲೆ ದಾರಿ ನೋಡಲ್ಲ. ನಂಗೆ ಮಗಳೊಬ್ಳು ಸಾಕು ಅತ್ತೆ, ಇನ್ನೊಬ್ರನ್ನ ಸಾಕೋ ಶಕ್ತಿ ಇಲ್ಲ." ಹೇಳಿ, ಅರ್ಧ ಹೊಲಿದ ಬ್ಲೌಸನ್ನು ಸೂಜಿಯ ಕೆಳಗೆ ತಳ್ಳಿದಳು. ಶಿವುವಿನ ನಾಲ್ಕು ಅಂಗಿಗಳನ್ನು ಅವಳು ಚೀಲದಿಂದ ತೆಗೆದಿರಲಿಲ್ಲ. ಹೊರಡುವಾಗ ಚೀಲ ಹಾಗೇ ಅತ್ತೆಯ ಕೈಗೆ ಬಂತು.

ಮರುದಿನ ಬೆಳಿಗ್ಗೆಯೇ ನಾಗರತ್ನಮ್ಮ ಪಾಳ್ಯದ ದಾರಿ ಹಿಡಿದಳು. ಬೈಗುಳ ಕೇಳಲು, ಮಗ ಮುಖ ತಿರುಗಿಸಿದರೆ ಸಹಿಸಲು, ಬಸ್ಸಿನಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ವಸಂತಳ ಮನೆ ಜಗಲಿಯಲ್ಲಿ ಅವಳ ಅತ್ತೆ ಹುರುಳಿ ಕೇರುತ್ತ, "ಬಂದ್ರಾ? ಕರ್ಕೊಂಡ್ ಹೋಗೋಕ್ ತಾನೇ?" ಅಂತ ತಲೆಯೆತ್ತದೆ ಕೇಳಿದಳು. ಒಳಗೆ ಶಿವು ರೊಟ್ಟಿ ತಿನ್ನುತ್ತಿದ್ದ. ಅವ್ವನನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ? ನಂಗೊತ್ತಿತ್ತು ಬತ್ತೀಯ ಅಂತ. ತಡಿ, ಕೈ ತೊಳ್ಕಂಡ್ ಬತ್ತೀನಿ. ಚೀಲ ಕಟ್ಟೇ ಇಟ್ಟಿದೀನಿ."

ಕೋಪವಿಲ್ಲ, ಒಂದು ಚುಚ್ಚುಮಾತಿಲ್ಲ. ಅವಳು ಗಟ್ಟಿ ಮಾಡಿಕೊಂಡು ಬಂದದ್ದೆಲ್ಲ ದಂಡವಾಯಿತು. ವಸಂತ ಬೈದಳು, ಆಮೇಲೆ ಅತ್ತಳು, ಕಾಫಿ ಕೊಟ್ಟಳು. ಅಮ್ಮ ಮಗ ಇಬ್ಬರೂ ಆಲೂರಿಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತರು.

ಸಕಲೇಶಪುರದ ಬಸ್ಸು ಮೊದಲು ಬಂತು.

"ಶಿವು, ಇದು ಹತ್ತು. ಅಲ್ಲಿಳಿದ್ರೆ ಆನೇಮಹಲ್‌ಗೆ ಹತ್ತು ನಿಮಿಷಕ್ಕೊಂದು ಬಸ್ಸೈತೆ. ಬಾಗ್ಲು ಹಾಕಲ್ಲ ಅಂದವ್ಳೆ ಕಣೋ. ನಾನೇ ಕೇಳ್ಕೊಂಡ್ ಬಂದಿದೀನಿ."

"ನೀನು?"

"ನಾನ್ ಬರಲ್ಲ."

ಅವನು ಬಸ್ಸನ್ನು ನೋಡಿದ. ಬಾಗಿಲಲ್ಲಿ ಕಂಡಕ್ಟರ್ "ಸಕ್ಲೇಶ್ಪುರ, ಸಕ್ಲೇಶ್ಪುರ" ಅಂತ ಕೂಗುತ್ತಿದ್ದ. ನಾಗರತ್ನಮ್ಮ ಎದ್ದು ಮಗನ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ನೂಕಿದಳು. ಅವನು ಎರಡು ಹೆಜ್ಜೆ ಹೋದ, ನಿಂತ, ತಿರುಗಿ ನೋಡಿದ. ಬಸ್ಸು ಹೊಗೆ ಬಿಟ್ಟು ಹೋಯಿತು. ಅವನು ಬಂದು ಮತ್ತೆ ಪಕ್ಕದಲ್ಲಿ ಕೂತ.

ಅರ್ಧ ಗಂಟೆಗೆ ಮಗ್ಗೆ ಬಸ್ಸು ಬಂತು. ಜನ ನುಗ್ಗಿದರು. ಶಿವು ಎಲ್ಲರಿಗಿಂತ ಮೊದಲು ಹತ್ತಿ, ಟವಲ್ ಹಾಸಿ ಸೀಟು ಹಿಡಿದು, ಕಿಟಕಿಯಿಂದ ಕೈ ಬೀಸಿದ.

"ಅವ್ವ, ಬಾ, ಇಲ್ಲಿ! ಕಿಟಕಿ ಪಕ್ಕ ನೀನ್ ಕೂತ್ಕ, ನಿಂಗೆ ತಲೆ ಸುತ್ತುತ್ತೆ."

ಅವಳು ಕೆಳಗೇ ನಿಂತಿದ್ದಳು. ಹತ್ತದೆ ಇದ್ದರೆ ಅವನೂ ಇಳಿದು ಬರುತ್ತಾನೆ, ಅದು ಗೊತ್ತಿತ್ತು. ಡ್ರೈವರ್ ಹಾರನ್ ಒತ್ತಿದ. ಅವಳು ಚೀಲ ಎತ್ತಿಕೊಂಡು ಹತ್ತಿದಳು.

"ಎಲ್ಲಿಗಮ್ಮ? ಆಧಾರ್ ತೋರ್ಸಿ" ಅಂದ ಕಂಡಕ್ಟರ್. ಅವಳು ಕಾರ್ಡು ತೆಗೆದು ತೋರಿಸಿದಳು.

"ಮಗ್ಗೆ. ಅವ್ವಂದು ಫ್ರೀ, ನಂದೊಂದು ಕೊಡಿ" ಅಂದ ಶಿವು. ದುಡ್ಡು ಕೊಟ್ಟು, ಎರಡೂ ಚೀಟಿ ಇಸಿದುಕೊಂಡು, ಅವಳ ಕೈಗಿಟ್ಟ.

"ನೀನೇ ಇಟ್ಕ ಅವ್ವ. ನಾನ್ ಕಳ್ದ್ ಹಾಕ್ತೀನಿ."

ನಾಗರತ್ನಮ್ಮ ಅವೆರಡನ್ನೂ ಸೆರಗಿನ ತುದಿಗೆ ಸುತ್ತಿ ಗಂಟು ಹಾಕಿಕೊಂಡಳು.